ಸೋಲುವ ಹಕ್ಕು: ಬೋನಿನಿಂದ ಬಂದ ಜೂಡೋ ಆಟಗಾರನ ಚರಿತ್ರೆ

ಬರಹ ಸ್ವಲ್ಪ ಉದ್ದ ಉಂಟು, ಪುರುಸೊತ್ತು ಮಾಡಿಕೊಂಡು ಓದಿ.

2016ರ ಆಗಸ್ಟ್ 10. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಒಲಿಂಪಿಕ್ಸ್ ನಡೀತಿತ್ತು. ಗಂಡಸರ 90 ಕೆ.ಜಿ. ವಿಭಾಗದ ಜೂಡೋ. ಒಂದು ಕಡೆ ಭಾರತದ ಅವತಾರ್ ಸಿಂಗ್. ಪಂಜಾಬಿನ ಗುರುದಾಸಪುರದವರು, ಆ ಒಲಿಂಪಿಕ್ಸಿಗೆ ನಮ್ಮ ದೇಶದಿಂದ ಹೋದ ಒಬ್ಬರೇ ಒಬ್ಬ ಜೂಡೋ ಆಟಗಾರ. ಎದುರಿಗೆ ಪೊಪೊಲೆ ಮಿಸೆಂಗಾ. ಅವರ ಹೆಸರಿನ ಪಕ್ಕದಲ್ಲಿ ಯಾವ ದೇಶದ ಹೆಸರೂ ಇರಲಿಲ್ಲ, ‘ನಿರಾಶ್ರಿತರ ಒಲಿಂಪಿಕ್ ತಂಡ’ ಅಂತ ಮಾತ್ರ ಇತ್ತು. ಪಂದ್ಯ ನಿಧಾನಕ್ಕೆ ಎಳೆದುಕೊಂಡು ಹೋಯಿತು. ಕೊನೆಗೆ ಒಂದೇ ಒಂದು ‘ಯುಕೊ’, ಅಂದ್ರೆ ಆಗಿನ ನಿಯಮದಲ್ಲಿ ಎಲ್ಲಕ್ಕಿಂತ ಸಣ್ಣ ಅಂಕ, ಅದರ ಮೇಲೆ ಮಿಸೆಂಗಾ ಗೆದ್ದರು.

ಮರುದಿನ ನಮ್ಮ ಪತ್ರಿಕೆಗಳಲ್ಲಿ ಬಂದ ಸುದ್ದಿ ಏನು? ಭಾರತೀಯ ಆಟಗಾರ ನಿರಾಶ್ರಿತನ ಎದುರು ಸೋತ, ಅಷ್ಟೆ. ಆ ‘ನಿರಾಶ್ರಿತ’ ಯಾರು, ಎಲ್ಲಿಂದ ಬಂದ, ಎಷ್ಟು ದಿನ ಉಪವಾಸ ಇದ್ದ ಅಂತ ವಿಚಾರಿಸಿದವರು ಕಡಿಮೆ. ಗುರುದಾಸಪುರ 1947ರಲ್ಲಿ ಗಡಿಗೆರೆ ನಡುವೆ ಹಾದು ಎರಡು ತುಂಡಾದ ಜಿಲ್ಲೆ. ನಿರಾಶ್ರಿತ ಅಂದ್ರೆ ಎಂತ ಅಂತ ಆ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಪತ್ರಿಕೆಯವರಿಗೆ ಹೇಳಬೇಕಾಗಿತ್ತು, ಅಷ್ಟೇ.

ಪೊಪೊಲೆ ಹುಟ್ಟಿದ್ದು 1992ರಲ್ಲಿ, ಕಾಂಗೋ ದೇಶದ ಪೂರ್ವಕ್ಕಿರುವ ಬುಕಾವು ಎಂಬ ಊರಲ್ಲಿ. ಕಿವು ಸರೋವರದ ದಡ, ಆಚೆ ಬದಿ ರುವಾಂಡ. 1998ರಿಂದ 2003ರವರೆಗೆ ನಡೆದ ಎರಡನೇ ಕಾಂಗೋ ಯುದ್ಧದ ಬೆಂಕಿ ಜೋರಾಗಿ ಬಿದ್ದದ್ದು ಈ ಭಾಗಕ್ಕೇ. ಯುದ್ಧದಿಂದ, ಹಸಿವಿನಿಂದ, ಕಾಯಿಲೆಯಿಂದ ಲಕ್ಷಗಟ್ಟಲೆ ಜನ ಸತ್ತರು. ಅಲ್ಲಿನ ನೆಲದಡಿಯ ಕೋಲ್ಟಾನ್ ಅದಿರು ಈ ಬರಹ ಓದಲಿಕ್ಕೆ ನೀವು ಹಿಡಿದಂಥ ಮೊಬೈಲುಗಳಿಗೆ ಬೇಕಾದದ್ದು. ಆ ಜಗಳದ ಬೇರು ಒಂದು ಅಲ್ಲಿಯೂ ಉಂಟು.

ಹುಡುಗ ಇನ್ನೂ ಸಣ್ಣವನಿರುವಾಗ ತಾಯಿಯನ್ನು ಕೊಂದರು. ಅವನು ಕಾಡಿಗೆ ಓಡಿದ. ಎಂಟು ದಿನ ಕಾಡಿನಲ್ಲಿ ಒಬ್ಬನೇ. ಯಾರೋ ರಕ್ಷಿಸಿ ರಾಜಧಾನಿ ಕಿನ್ಶಾಸಾಕ್ಕೆ ಸಾಗಿಸಿದರು. ಒಡಹುಟ್ಟಿದವರು ಎಲ್ಲೋ ತಪ್ಪಿಹೋದರು. ಅಲ್ಲಿ ದಿಕ್ಕಿಲ್ಲದ ಮಕ್ಕಳ ಕೇಂದ್ರದಲ್ಲಿ ಅವನಿಗೆ ಜೂಡೋ ಸಿಕ್ಕಿತು. (ಮಗುವಿನ ಮಾತಾದ್ದರಿಂದ ಇಲ್ಲಿ ಏಕವಚನ, ಮುಂದೆ ಬಹುವಚನ. ದೊಡ್ಡವರಾದ ಮೇಲೂ ಏಕವಚನದಲ್ಲಿ ಕರೆಸಿಕೊಂಡರೆ ಹೇಗಿರುತ್ತದೆ ಅಂತ ನಮ್ಮ ಅಪ್ಪಂದಿರಿಗೆ ಗೊತ್ತುಂಟು.)

ಜೂಡೋ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಡೆ ಕರಾಟೆ ಕ್ಲಾಸು ಊರೂರಲ್ಲಿ ಉಂಟು, ಜೂಡೋ ನೋಡಿದವರು ಕಡಿಮೆ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಎಂಬ ಮೇಷ್ಟ್ರು ಹಳೆಯ ಜುಜುತ್ಸು ವಿದ್ಯೆಯಿಂದ ಇದನ್ನು ರೂಪಿಸಿದರು. ಗುದ್ದುವುದು, ಒದೆಯುವುದು ಪಂದ್ಯದಲ್ಲಿ ಇಲ್ಲ. ಎದುರಾಳಿಯ ಅಂಗಿಯ ಕೊರಳಪಟ್ಟಿ, ತೋಳು ಹಿಡಿಯಬೇಕು, ತೂಕ ತಪ್ಪಿಸಿ ಎತ್ತಿ ಹಾಕಬೇಕು, ಇಲ್ಲ ನೆಲಕ್ಕೆ ಒತ್ತಿ ಹಿಡಿಯಬೇಕು. ಅಂದ್ರೆ ಮುಟ್ಟದೆ ಆಡಲಿಕ್ಕೇ ಆಗದ ಆಟ. ನಮ್ಮ ಕಬಡ್ಡಿಯ ಹಾಗೆ. ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಜೂಡೋದಲ್ಲಿ ಮೊದಲು ಕಲಿಸುವುದು ಬೀಳಿಸಲಿಕ್ಕೆ ಅಲ್ಲ, ಬೀಳಲಿಕ್ಕೆ. ‘ಉಕೆಮಿ’ ಅಂತಾರೆ. ತಲೆ ಒಳಗೆ ಮಾಡಿ, ಕೈಯಿಂದ ನೆಲಕ್ಕೆ ಬಡಿದು, ಮೈಗೆ ಪೆಟ್ಟಾಗದ ಹಾಗೆ ಹೇಗೆ ಬೀಳುವುದು ಅಂತ ದಿನಗಟ್ಟಲೆ ಅಭ್ಯಾಸ.

ಆದರೆ ಕಾಂಗೋದಲ್ಲಿ ಪೊಪೊಲೆಯವರಿಗೆ ಸಿಕ್ಕ ಕೋಚುಗಳು ಈ ವಿದ್ಯೆಯನ್ನೇ ತಲೆಕೆಳಗು ಮಾಡಿದ್ದರು. ಪಂದ್ಯದಲ್ಲಿ ಸೋತು ಬಂದರೆ ಬೋನಿನಂಥ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಕೆಲವು ಸಲ ದಿನಗಟ್ಟಲೆ. ತಿನ್ನಲಿಕ್ಕೆ ಕಾಫಿ, ಬ್ರೆಡ್ಡು. ಇದನ್ನು ಅವರೂ, ಅವರ ಜೊತೆ ಆಡಿದ ಯೊಲಾಂಡೆ ಮಬಿಕಾ ಅವರೂ ಮುಂದೆ ಪತ್ರಕರ್ತರ ಎದುರು ಹೇಳಿದ್ದಾರೆ. ಯೊಲಾಂಡೆಯವರದ್ದೂ ಅದೇ ಬುಕಾವು, ಅದೇ ಯುದ್ಧ. ಸಣ್ಣವರಿರುವಾಗಲೇ ಮನೆಯವರಿಂದ ಬೇರೆಯಾದವರು.

2013ರ ಆಗಸ್ಟ್ ಕೊನೆಯಲ್ಲಿ ವಿಶ್ವ ಜೂಡೋ ಚಾಂಪಿಯನ್‌ಷಿಪ್ ನಡೆದದ್ದು ರಿಯೊದಲ್ಲಿ. ಕಾಂಗೋ ತಂಡದಲ್ಲಿ ಇವರಿಬ್ಬರೂ ಇದ್ದರು. ಅಲ್ಲಿ ಮುಟ್ಟಿದ್ದೇ ಪಾಸ್‌ಪೋರ್ಟು, ದುಡ್ಡು, ಊಟದ ಕೂಪನ್ ಎಲ್ಲ ಮುಖ್ಯಸ್ಥರ ಕಿಸೆಗೆ. ಆಟಗಾರರಿಗೆ ಊಟವೂ ಇಲ್ಲ. ಮೊದಲು ಯೊಲಾಂಡೆ ಹೋಟೆಲಿನಿಂದ ಹೊರಗೆ ಬಿದ್ದರು. ಭಾಷೆ ಗೊತ್ತಿಲ್ಲದ ಊರು. ಆಫ್ರಿಕಾದವರು ಎಲ್ಲಿದ್ದಾರೆ ಅಂತ ಬೀದಿಯಲ್ಲಿ ಕಂಡವರನ್ನೆಲ್ಲ ಕೇಳಿಕೊಂಡು ಹೋಗಿ, ಬ್ರಾಸ್ ಡಿ ಪಿನಾ ಎಂಬ ಬಡವರ ಬಡಾವಣೆಯಲ್ಲಿ ಕಾಂಗೋ, ಅಂಗೋಲಾದ ಜನರನ್ನು ಹುಡುಕಿದರು. ಪೊಪೊಲೆಯವರೂ ಅಲ್ಲಿಗೇ ಬಂದು ಸೇರಿಕೊಂಡರು. ಲಾರಿಗೆ ಮೂಟೆ ಹಾಕುವುದು, ಸಿಕ್ಕಿದ ಕೂಲಿ. ಒಂದು ವರ್ಷ ಕಳೆದು, 2014ರ ಸೆಪ್ಟೆಂಬರಿನಲ್ಲಿ, ಬ್ರೆಜಿಲ್ ಸರ್ಕಾರ ನಿರಾಶ್ರಿತರು ಅಂತ ಅಧಿಕೃತವಾಗಿ ಒಪ್ಪಿಕೊಂಡಿತು.

ಗುಮಾಸ್ತನಾದ ನನಗೆ ಕಾಗದದ ವಿಷಯ ಬಂದ್ರೆ ಬಿಟ್ಟು ಮುಂದೆ ಹೋಗಲಿಕ್ಕೆ ಮನಸ್ಸಾಗುವುದಿಲ್ಲ. ಬ್ರೆಜಿಲ್ 1997ರಲ್ಲೇ ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನು ಮಾಡಿದೆ. ಅರ್ಜಿ ಕೊಟ್ಟವರಿಗೆ ತೀರ್ಮಾನ ಆಗುವ ಮೊದಲೇ ಕೆಲಸ ಮಾಡುವ ಚೀಟಿ ಸಿಗುತ್ತದೆ, ಸರ್ಕಾರಿ ಆಸ್ಪತ್ರೆ ಸಿಗುತ್ತದೆ. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಯಾರಿಗೆ ಎಷ್ಟು ಅಂತ ಆಯಾ ಸರ್ಕಾರದ ಮನಸ್ಸಿಗೆ ಬಂದ ಹಾಗೆ. ಬೈಲಕುಪ್ಪೆಯ ಟಿಬೆಟಿಯನ್ನರಿಗೆ ಒಂದು ರೀತಿ, ಸಿಂಧನೂರಿನ ಕ್ಯಾಂಪುಗಳಿಗೆ ಬಂದ ಬಂಗಾಳಿ ನಿರಾಶ್ರಿತರಿಗೆ ಇನ್ನೊಂದು ರೀತಿ. 1979ರಲ್ಲಿ ಸುಂದರಬನದ ಮರಿಚ್‌ಝಾಪಿಯಲ್ಲಿ ಗುಡಿಸಲು ಹಾಕಿಕೊಂಡ ನಾಮಶೂದ್ರ ನಿರಾಶ್ರಿತರನ್ನು ಸರ್ಕಾರ ಪೊಲೀಸರಿಂದ ಸುತ್ತುಗಟ್ಟಿ, ಅನ್ನ ನೀರು ತಡೆದು ಒಕ್ಕಲೆಬ್ಬಿಸಿದ್ದು ನಮ್ಮವರೇ ಮರೆತಿದ್ದೇವೆ. ಅದರ ಬಗ್ಗೆ ಇನ್ನೊಮ್ಮೆ ಬರೀತೇನೆ.

ಮತ್ತೆ ರಿಯೊಗೆ. ಕಾರಿತಾಸ್ ಎಂಬ ಸೇವಾ ಸಂಸ್ಥೆಯ ಮೂಲಕ 2015ರಲ್ಲಿ ಇವರಿಬ್ಬರೂ ‘ರೆಯಸಾವ್’ ಜೂಡೋ ಶಾಲೆಗೆ ತಲುಪಿದರು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಫ್ಲಾವಿಯೊ ಕಾಂಟೊ ಕಟ್ಟಿದ ಶಾಲೆ ಅದು. ಕಲಿಯುವವರು ಹೆಚ್ಚಾಗಿ ರಿಯೊದ ಕೊಳೆಗೇರಿಗಳ ಮಕ್ಕಳು. ಅಲ್ಲಿನ ಹಿರಿಯ ಗುರು ಜೆರಾಲ್ಡೊ ಬರ್ನಾರ್ಡಿಸ್, ಹಿಂದೆ ಬ್ರೆಜಿಲ್ ರಾಷ್ಟ್ರೀಯ ತಂಡಕ್ಕೇ ಕೋಚ್ ಆಗಿದ್ದವರು.

ಶುರುವಿನಲ್ಲಿ ಇವರ ಜೊತೆ ಅಭ್ಯಾಸ ಮಾಡಲಿಕ್ಕೆ ಉಳಿದವರು ಹೆದರುತ್ತಿದ್ದರಂತೆ. ಅಭ್ಯಾಸದಲ್ಲೂ ಜೀವ ಹೋಗುವವರ ಹಾಗೆ ಬಿದ್ದು ಹೋರಾಡುತ್ತಿದ್ದರು, ಜೊತೆಯವರಿಗೆ ಪೆಟ್ಟಾಗುತ್ತಿತ್ತು. ಬರ್ನಾರ್ಡಿಸ್ ಅವರಿಗೆ ಕಾರಣ ಗೊತ್ತಾಯಿತು. ಸೋತರೆ ಬೋನು ಅಂತ ಮೈಯೇ ನಂಬಿಬಿಟ್ಟಿದೆ. ಆ ಭಯ ಬಿಡಿಸಬೇಕಿತ್ತು. ಒಬ್ಬ ಮುದಿ ಗುರು, ಯುದ್ಧ ಕಂಡು ಬಂದ ಇಪ್ಪತ್ತಮೂರರ ಗಂಡಸಿಗೆ, ಬೀಳುವುದನ್ನು ಮೊದಲಿನಿಂದ ಕಲಿಸುವುದು ಅಂದ್ರೆ ಸಣ್ಣ ಕೆಲಸವಲ್ಲ ಮಾರಾಯ್ರೆ.

2015ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ನಿರಾಶ್ರಿತರಿಗೂ ಒಂದು ತಂಡ ಅಂತ ಘೋಷಿಸಿತು. 43 ಜನರ ಪಟ್ಟಿಯಿಂದ 10 ಮಂದಿಯನ್ನು ಆರಿಸಿದರು: ದಕ್ಷಿಣ ಸುಡಾನಿನ ಐವರು ಓಟಗಾರರು, ಸಿರಿಯಾದ ಇಬ್ಬರು ಈಜುಗಾರರು, ಇಥಿಯೋಪಿಯಾದ ಒಬ್ಬ ಮ್ಯಾರಥಾನ್ ಓಟಗಾರ, ಮತ್ತೆ ಪೊಪೊಲೆ, ಯೊಲಾಂಡೆ. ಆ ಕಾಲದ ಪತ್ರಿಕಾಗೋಷ್ಠಿಯೊಂದರಲ್ಲಿ ಪೊಪೊಲೆ ಅತ್ತುಬಿಟ್ಟರು. ಒಡಹುಟ್ಟಿದವರ ಮುಖ ಹೇಗಿದೆ ಅಂತಲೂ ಈಗ ತನಗೆ ನೆನಪಿಲ್ಲ, ಟಿ.ವಿ.ಯಲ್ಲಿ ತನ್ನನ್ನು ಕಂಡರೆ ಗೊತ್ತಾದೀತು ಅನ್ನುವ ಆಸೆ. ಆಗಸ್ಟ್ 5ರ ಉದ್ಘಾಟನೆಯಲ್ಲಿ ಬ್ರೆಜಿಲ್ ತಂಡಕ್ಕಿಂತ ಸ್ವಲ್ಪ ಮೊದಲು ಈ ಹತ್ತು ಜನ ಬಂದಾಗ ಮರಕಾನಾ ಕ್ರೀಡಾಂಗಣವೇ ಎದ್ದು ನಿಂತಿತು.

ಈಗ ಬೋನಿನ ಇನ್ನೊಂದು ಕತೆ. ಅದೇ ಶಾಲೆಯಲ್ಲಿ, ಅದೇ ಬರ್ನಾರ್ಡಿಸ್ ಕೈಕೆಳಗೆ ಸಣ್ಣಂದಿನಿಂದ ಬೆಳೆದವರು ರಫೇಲಾ ಸಿಲ್ವಾ. ರಿಯೊದ ‘ದೇವರ ನಗರ’ ಎಂಬ ಕೊಳೆಗೇರಿಯ ಕಪ್ಪು ಹುಡುಗಿ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಿಯಮ ಮೀರಿ ಕಾಲಿಗೆ ಕೈ ಹಾಕಿದರು ಅಂತ ಅವರನ್ನು ಹೊರಗೆ ಹಾಕಿದರು. ಆಟದಲ್ಲಿ ಆಗುವ ತಪ್ಪು. ಆದರೆ ಸ್ವಂತ ದೇಶದವರೇ ಟ್ವಿಟರಿನಲ್ಲಿ ಮಂಗ ಅಂತ ಬೈದರು, ಮಂಗದ ಜಾಗ ಬೋನು ಅಂತ ಬರೆದರು. ಆಕೆ ಆಟವೇ ಬಿಡುವ ಹಂತಕ್ಕೆ ಹೋದರು. 2016ರ ಆಗಸ್ಟ್ 8ರಂದು, ಪೊಪೊಲೆಯವರ ಪಂದ್ಯಕ್ಕೆ ಎರಡು ದಿನ ಮೊದಲು, ಅದೇ ರಫೇಲಾ ಚಿನ್ನ ಗೆದ್ದರು. ಆ ಕ್ರೀಡಾಕೂಟದಲ್ಲಿ ಬ್ರೆಜಿಲ್‌ಗೆ ಮೊದಲ ಚಿನ್ನ. ಬೋನಲ್ಲಿರಬೇಕು ಅಂದ ಮಂಗವೇ ಈಗ ಚಾಂಪಿಯನ್ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರು. (ಮುಂದೆ 2019ರಲ್ಲಿ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿ, ನಿಷೇಧವಾಗಿ, ಟೋಕಿಯೊ ತಪ್ಪಿಸಿಕೊಂಡರು. 2022ರಲ್ಲಿ ಮರಳಿ ವಿಶ್ವ ಚಾಂಪಿಯನ್ ಆದರು. ಅದನ್ನೂ ಹೇಳಬೇಕು.)

ಕಪ್ಪು ಮೈ, ಬೋನು, ಒಲಿಂಪಿಕ್ಸ್, ಈ ಮೂರರ ನಂಟು ಹಳೆಯದು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಂದೇ ಕಾಲಕ್ಕೆ ವಿಶ್ವ ಮೇಳವೂ ಒಲಿಂಪಿಕ್ಸೂ ನಡೆದವು. ಮೇಳದಲ್ಲಿ ಪ್ರದರ್ಶನಕ್ಕೆ ಅಂತ ಜೀವಂತ ಮನುಷ್ಯರನ್ನೇ ತಂದಿಟ್ಟಿದ್ದರು: ಕಾಂಗೋ ಕಾಡಿನ ಕುಳ್ಳ ಜನ, ಫಿಲಿಪ್ಪೀನ್ಸಿನ ಬುಡಕಟ್ಟಿನವರು, ಜಪಾನಿನ ಐನುಗಳು, ಅಮೆರಿಕದ ಮೂಲನಿವಾಸಿಗಳು. ಆಗಸ್ಟ್ 12 ಮತ್ತು 13ರಂದು ಇವರನ್ನೆಲ್ಲ ಮೈದಾನಕ್ಕೆ ಇಳಿಸಿ ‘ಮಾನವಶಾಸ್ತ್ರ ದಿನ’ ಅಂತ ಓಟ, ಎಸೆತದ ಸ್ಪರ್ಧೆ ಮಾಡಿಸಿದರು. ತರಬೇತಿ ಇಲ್ಲ, ನಿಯಮ ಏನು ಅಂತ ಸರಿಯಾಗಿ ಹೇಳಿದವರಿಲ್ಲ. ಆಮೇಲೆ ಅಳತೆ ಬರೆದುಕೊಂಡು, ನೋಡಿ, ಕಾಡುಜನ ಬಿಳಿಯರಿಗೆ ಸಮ ಅಲ್ಲ ಅಂತ ಷರಾ ಬರೆದರು. ನಮ್ಮ ಮಕ್ಕಳಿಗೆ ಪುಸ್ತಕ ಕೊಡದೆ ಪರೀಕ್ಷೆ ಮಾಡಿ, ಮೆರಿಟ್ ಇಲ್ಲ ಅನ್ನುವುದಿಲ್ಲವಾ, ಅದೇ.

ಆ ಮೇಳಕ್ಕೆ ತಂದ ಕಾಂಗೋದವರಲ್ಲಿ ಒಬ್ಬ ಯುವಕ ಓಟಾ ಬೆಂಗಾ. 1906ರ ಸೆಪ್ಟೆಂಬರಿನಲ್ಲಿ ಅವರನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮಂಗಗಳ ಮನೆಯಲ್ಲಿ, ಒರಾಂಗುಟಾನ್ ಜೊತೆ ಬೋನಿನಲ್ಲಿ ಇಟ್ಟರು. ಸಾವಿರಾರು ಜನ ನೋಡಲಿಕ್ಕೆ ಬಂದರು. ತಡೆದವರು ಯಾರು? ಕಪ್ಪು ಜನರ ಚರ್ಚುಗಳ ಪಾದ್ರಿಗಳು. ದೊಡ್ಡ ದೊಡ್ಡ ಪತ್ರಿಕೆಗಳು ಆ ಪಾದ್ರಿಗಳನ್ನೇ ಲೇವಡಿ ಮಾಡಿದವು. ಬಿಡುಗಡೆ ಆದರೂ ಊರಿಗೆ ಹೋಗುವ ದಾರಿ ಸಿಗಲಿಲ್ಲ. 1916ರ ಮಾರ್ಚ್ 20ರಂದು ಓಟಾ ಬೆಂಗಾ ವರ್ಜೀನಿಯಾದಲ್ಲಿ ಗುಂಡು ಹೊಡೆದುಕೊಂಡು ಸತ್ತರು. ಅದಾಗಿ ಸರಿಯಾಗಿ ನೂರು ವರ್ಷಕ್ಕೆ ಕಾಂಗೋದ ಪೊಪೊಲೆ ಒಲಿಂಪಿಕ್ಸಿನ ಮ್ಯಾಟ್ ಮೇಲೆ ನಿಂತರು.

ಅವತಾರ್ ಸಿಂಗ್ ಅವರನ್ನು ಗೆದ್ದ ಮೇಲೆ ಪೊಪೊಲೆಯವರ ಮುಂದಿನ ಪಂದ್ಯ ದಕ್ಷಿಣ ಕೊರಿಯಾದ ಗ್ವಾಕ್ ದಾಂಗ್ ಹಾನ್ ಜೊತೆ, ಆಗಿನ ವಿಶ್ವ ಚಾಂಪಿಯನ್. ಗ್ಯಾಲರಿಯಲ್ಲಿ ‘ಪೊಪೊಲೆ, ಪೊಪೊಲೆ’ ಅಂತ ಕೂಗು. ಸೋತರು. ಯೊಲಾಂಡೆಯವರೂ ತಮ್ಮ ಮೊದಲ ಪಂದ್ಯದಲ್ಲೇ ಇಸ್ರೇಲಿನ ಆಟಗಾರ್ತಿಯ ಎದುರು ಸೋತರು. ಜಗತ್ತಿನ ಪತ್ರಿಕೆಗಳಿಗೆ ಇಷ್ಟವಾದದ್ದು ಅವರ ಗೆಲುವು, ಆ ಮೊದಲ ಪಂದ್ಯ. ನನಗೆ ಈ ಸೋಲೇ ದೊಡ್ಡದಾಗಿ ಕಾಣುತ್ತದೆ. ಸೋತು ಮ್ಯಾಟಿನಿಂದ ಇಳಿದಾಗ ಜನ ಚಪ್ಪಾಳೆ ಹೊಡೆದರು. ಕೂಡಿಹಾಕುವವರು ಯಾರೂ ಇರಲಿಲ್ಲ. ರಾತ್ರಿ ಊಟ ಸಿಕ್ಕಿತು.

ಸೋಲುವ ಹಕ್ಕು ಅಂತ ಮೇಲೆ ಬರೆದದ್ದು ಇದಕ್ಕೇ. ಆಫೀಸಿನಲ್ಲಿ ಉಳಿದವರು ಕಡತದಲ್ಲಿ ತಪ್ಪು ಮಾಡಿದರೆ ‘ಪಾಪ, ಕೆಲಸ ಜಾಸ್ತಿ’. ಅದೇ ತಪ್ಪು ನಮ್ಮವರಿಂದ ಆದರೆ ‘ಇವರಿಗೆ ಹೇಗೆ ಕೆಲಸ ಸಿಕ್ಕಿದ್ದು ಅಂತ ಗೊತ್ತುಂಟಲ್ಲ’. ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೇನೆ. ಅವರ ತಪ್ಪು ಅವರೊಬ್ಬರದ್ದು, ನಮ್ಮ ತಪ್ಪು ಇಡೀ ಕಾಲೊನಿಯದ್ದು.

ಹತ್ತಿರದ ಉದಾಹರಣೆ ಬೇಕಾದ್ರೆ ಉತ್ತರ ಕನ್ನಡಕ್ಕೆ ಹೋಗಿ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಯ ಸಿದ್ದಿಗಳಲ್ಲಿ ಅವರ ಸಂತತಿ ಉಂಟು. ಕಾಡಿಗೆ ಓಡಿ ಬದುಕಿದ ನಿರಾಶ್ರಿತರೇ ಅವರೂ. ಪರಿಶಿಷ್ಟ ಪಂಗಡ ಅಂತ ಅವರನ್ನು ಪಟ್ಟಿಗೆ ಸೇರಿಸಲಿಕ್ಕೆ 2003 ಆಗಬೇಕಾಯಿತು. ಆದರೆ ಅದಕ್ಕಿಂತ ಎಷ್ಟೋ ಮೊದಲು, 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಮಂತ್ರಿಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಇವರ ನೆನಪಾಯಿತು. ಆಫ್ರಿಕಾ ಮೂಲದ ಮೈ, ಪದಕ ಬಂದೇ ಬರುತ್ತದೆ ಅಂತ ಲೆಕ್ಕ. ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದುಕೊಂಡು ಹೋದರು. ಆ ಮಕ್ಕಳು ಪದಕ ತರಲಿಲ್ಲ ಅಂತಲ್ಲ, ತಂದರು. ಕೆಲವೇ ವರ್ಷಗಳಲ್ಲಿ ಯೋಜನೆಯೇ ನಿಂತಿತು, ಮಕ್ಕಳು ಕಾಡಿನ ಊರುಗಳಿಗೆ ವಾಪಸ್. ಮೈ ಬೇಕಿತ್ತು. ಆ ಮೈಯ ಒಳಗೆ ಒಂದು ಮಗು ಉಂಟು, ಅದಕ್ಕೆ ನಾಲ್ಕು ಸಲ ಸೋಲಲಿಕ್ಕೆ ಸಮಯ ಬೇಕು ಅನ್ನುವುದು ಕಡತದಲ್ಲಿ ಇರಲಿಲ್ಲ.

ಅದಕ್ಕೇ, ದೂರದ ರಿಯೊ ನೋಡಿ ಕಣ್ಣೊರೆಸಿಕೊಳ್ಳುವವರ ಮೇಲೆ ನನಗೆ ಸ್ವಲ್ಪ ಸಂಶಯ. ಅದೇ 2016ರ ಮೇ 20ರ ರಾತ್ರಿ, ದೆಹಲಿಯಲ್ಲಿ ಆಟೋರಿಕ್ಷಾದ ಜಗಳದಲ್ಲಿ ಕಾಂಗೋದ ಒಬ್ಬ ಯುವಕನನ್ನು, ಫ್ರೆಂಚ್ ಕಲಿಸುತ್ತಿದ್ದವನನ್ನು, ಹೊಡೆದು ಕೊಂದರು. ಪೊಪೊಲೆ ಭಾರತದವರನ್ನು ಸೋಲಿಸುವ ಮೂರು ತಿಂಗಳ ಮೊದಲು.

2021ರ ಟೋಕಿಯೊ ಒಲಿಂಪಿಕ್ಸಿನ ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜುಲೈ 28ಕ್ಕೆ ಪೊಪೊಲೆಯವರ ಎರಡನೇ ಒಲಿಂಪಿಕ್ಸ್, ಮೊದಲ ಪಂದ್ಯದಲ್ಲೇ ಸೋಲು. ಸೋತು, ಬಾಗಿ ನಮಸ್ಕರಿಸಿ, ಹೊರಗೆ ಬಂದರು. ಆಗಸ್ಟ್ 2ರಂದು ಬೆಂಗಳೂರಿನಲ್ಲಿ ಪೊಲೀಸರ ವಶದಲ್ಲಿದ್ದ ಕಾಂಗೋದ ಒಬ್ಬ ಯುವಕ ತೀರಿಹೋದ. ಜೆ.ಸಿ. ನಗರ ಠಾಣೆಯ ಹೊರಗೆ ಪ್ರತಿಭಟಿಸಿದ ಆಫ್ರಿಕನ್ನರ ಮೇಲೆ ಲಾಠಿ ಬಿತ್ತು. ಆಗಸ್ಟ್ 4ಕ್ಕೆ ಭಾರತದ ಮಹಿಳಾ ಹಾಕಿ ತಂಡ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು ಸೋತಿತು. ಅವತ್ತೇ ಹರಿದ್ವಾರದ ಹತ್ತಿರ ರೋಶನಾಬಾದ್‌ನಲ್ಲಿ ದಲಿತ ಆಟಗಾರ್ತಿ ವಂದನಾ ಕಟಾರಿಯಾ ಅವರ ಮನೆ ಮುಂದೆ ಪಟಾಕಿ, ಕುಣಿತ, ಜಾತಿ ನಿಂದನೆ. ತಂಡದಲ್ಲಿ ದಲಿತರು ಜಾಸ್ತಿಯಾದ್ದಕ್ಕೆ ಸೋತದ್ದಂತೆ. ನಾಲ್ಕು ದಿನ ಮೊದಲು ದಕ್ಷಿಣ ಆಫ್ರಿಕಾ ವಿರುದ್ಧ ಮೂರು ಗೋಲು ಹೊಡೆದು ತಂಡವನ್ನು ಉಳಿಸಿದವರೇ ಈ ವಂದನಾ. ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಮಹಿಳೆ. ಆ ಅವಮಾನ ಆಗಿ ಎರಡೇ ದಿನಕ್ಕೆ, ಕಂಚಿನ ಪಂದ್ಯದಲ್ಲಿ ಬ್ರಿಟನ್ ವಿರುದ್ಧ ಮತ್ತೊಂದು ಗೋಲು ಹೊಡೆದರು.

ರಿಯೊದ ಹತ್ತು ಜನರ ತಂಡ ಟೋಕಿಯೊದಲ್ಲಿ 29 ಆಯಿತು. 2024ರ ಪ್ಯಾರಿಸಿನಲ್ಲಿ ಅದಕ್ಕೆ ಮೊದಲ ಪದಕ ಬಂತು. ತಂದವರು ಸಿಂಡಿ ಎನ್‌ಗಾಂಬಾ, ಬಾಕ್ಸರ್, ಹುಟ್ಟೂರು ಕ್ಯಾಮರೂನ್. ಸಣ್ಣವರಿರುವಾಗ ಇಂಗ್ಲೆಂಡಿಗೆ ಬಂದು, ಕಾಗದ ಸರಿಯಿಲ್ಲ ಅಂತ ಒಮ್ಮೆ ಬಂಧನ ಕೇಂದ್ರದಲ್ಲೂ ಇದ್ದವರು. ಸಲಿಂಗಿ ಆದ್ದರಿಂದ ಕ್ಯಾಮರೂನಿಗೆ ಕಳಿಸಿದರೆ ಜೈಲು ಅಂತ ನಿರಾಶ್ರಿತೆಯಾಗಿ ಉಳಿಸಿಕೊಂಡರು. ಅದು ಕಂಚಿನ ಪದಕ. ಒಲಿಂಪಿಕ್ಸ್ ಬಾಕ್ಸಿಂಗಿನಲ್ಲಿ ಮೂರನೇ ಸ್ಥಾನಕ್ಕೆ ಬೇರೆ ಪಂದ್ಯ ಇಲ್ಲ, ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು. ಅದೇ ವರ್ಷದ ಪ್ಯಾರಾಲಿಂಪಿಕ್ಸಿನಲ್ಲಿ ಅಫ್ಘಾನಿಸ್ತಾನದ ಝಕಿಯಾ ಖುದಾದಾದಿ ಟೇಕ್ವಾಂಡೋದಲ್ಲಿ ಕಂಚು ತಂದರು. 2021ರಲ್ಲಿ ತಾಲಿಬಾನ್ ಕೈಗೆ ಕಾಬೂಲ್ ಹೋದಾಗ ತಪ್ಪಿಸಿಕೊಂಡು ಬಂದವರು.

ಪಾಡ್ದನ ಕೇಳಿ ಬೆಳೆದ ನಮಗೆ ಇದು ತೀರಾ ಹೊರಗಿನ ಕತೆಯೇನಲ್ಲ. ಕೋಟಿ ಚೆನ್ನಯರೂ ಪಡುಮಲೆ ಬಿಟ್ಟು ಓಡಿ, ಎಣ್ಮೂರಿನಲ್ಲಿ ಆಶ್ರಯ ಪಡೆದವರೇ. ಗರಡಿಯಲ್ಲಿ ಕೈಮುಗಿಯುವಾಗ ಅದು ನೆನಪಿರುವುದಿಲ್ಲ ನಮಗೆ.

ಇನ್ನು ಕೆಲಸದ ಮಾತು. ಬೆಳ್ತಂಗಡಿ, ಉಜಿರೆ, ಮಡಂತ್ಯಾರು, ಗುರುವಾಯನಕೆರೆ ಕಡೆ ನಮ್ಮ ಕಾಲೊನಿಗಳಿಂದ ಕರಾಟೆ, ಕಬಡ್ಡಿ, ಕುಸ್ತಿ ಅಂತ ಹೋಗಿ ಮಧ್ಯದಲ್ಲಿ ಬಿಟ್ಟ ಮಕ್ಕಳು ಇದ್ದಾರೆ. ಕೆಲವರು ಡ್ರೆಸ್ಸಿಗೆ, ಬೆಲ್ಟ್ ಪರೀಕ್ಷೆಯ ಫೀಸಿಗೆ ದುಡ್ಡಿಲ್ಲದೆ ಬಿಟ್ಟದ್ದು. ಕೆಲವರು ಮೊದಲನೇ ಪಂದ್ಯ ಸೋತು, ಯಾರೋ ಏನೋ ಹೇಳಿದ್ದಕ್ಕೆ ಬಿಟ್ಟದ್ದು. ಎರಡನೆಯವರ ಹೆಸರು ನನಗೆ ಮೊದಲು ಬೇಕು. ಹೆಸರು, ಕ್ಲಾಸು, ಯಾವ ಆಟ, ಇಷ್ಟು ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಹಾಕಬೇಡಿ. ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಕೂತು ಮಾತಾಡುವ.

ಜೈ ಭೀಮ್.